ಕುಂಡದ ಗಿಡಗಳ ಕಾವಲುಗಾರ ಜಾನ್ ಈವ್ಲಿನ್

ಇಂಗ್ಲೆಂಡಿನ ಇತಿಹಾಸವನ್ನು ಓದಿದವರಿಗೆ ಜಾನ್ ಈವ್ಲಿನ್ನನ ಹೆಸರು ಪರಿಚಿತವೇ. ಎರಡನೆಯ ಚಾರ್ಲ್ಸ್ ದೊರೆಯ ಕಾಲವನ್ನು ಕಣ್ಣಾರೆ ಕಂಡು ದಿನಚರಿಯಲ್ಲಿ ಬರೆದಿಟ್ಟವನು ಆತ. ೧೬೬೫ರ ಪ್ಲೇಗು, ೧೬೬೬ರಲ್ಲಿ ಲಂಡನ್ ನಗರವನ್ನು ಸುಟ್ಟ ಬೆಂಕಿ, ಇವೆರಡನ್ನೂ ವರ್ಣಿಸುವಾಗ ಇತಿಹಾಸಕಾರರು ಸ್ಯಾಮ್ಯುಯಲ್ ಪೀಪ್ಸನ ದಿನಚರಿಯ ಜೊತೆಗೆ ಈವ್ಲಿನ್ನನ ದಿನಚರಿಯನ್ನೂ ಸಾಕ್ಷಿಗೆ ಕರೆಯುತ್ತಾರೆ. ಪರೀಕ್ಷೆಗೆ ಇಷ್ಟು ತಿಳಿದಿದ್ದರೆ ಸಾಕು. ಆದರೆ ಎಂಬತ್ತೈದು ವರ್ಷ ಬಾಳಿದ ಈ ಮನುಷ್ಯ ಬಲು ಪ್ರೀತಿಯಿಂದ, ಬಲು ದೀರ್ಘಕಾಲ ಮಾಡಿದ ಕೆಲಸ ಬೇರೊಂದುಂಟು. ಹೆಪ್ಪುಗಟ್ಟುವ ಚಳಿಯಿಂದ ಗಿಡಗಳನ್ನು, ಅದರಲ್ಲಿಯೂ ಕುಂಡಗಳಲ್ಲಿ ತೊಟ್ಟಿಗಳಲ್ಲಿ ಬೆಳೆದ ಗಿಡಮರಗಳನ್ನು, ಉಳಿಸಿಕೊಳ್ಳುವ ಬಗೆ ಹೇಗೆಂದು ಆತ ಹೆಚ್ಚುಕಡಮೆ ನಲವತ್ತು ವರ್ಷ ಯೋಚಿಸಿದ. ಆ ಯೋಚನೆಯ ಕಥೆಯನ್ನೂ ಅದರ ಹಿಂದಿದ್ದ ಬಾಳಿನ ಕಥೆಯನ್ನೂ ಇಲ್ಲಿ ಸಂಗ್ರಹವಾಗಿ ಹೇಳಬೇಕೆಂದಿದ್ದೇನೆ.

ಕನ್ನಡನಾಡಿನ ನಮಗೆ ಈ ಚಿಂತೆಯೇ ಮೊದಲಿಗೆ ವಿಚಿತ್ರವಾಗಿ ತೋರಬಹುದು. ನಮ್ಮಲ್ಲಿ ಗಿಡಕ್ಕೆ ಬೇಸಗೆಯೇ ಶತ್ರು. ನೀರೆರೆದು ನೆರಳು ಮಾಡಿದರೆ ಅದು ಉಳಿದುಕೊಳ್ಳುತ್ತದೆ. ಕೊಡಗಿನ ಕಾಫಿ ತೋಟಗಳಲ್ಲಿ ಕಿತ್ತಳೆ ಬಯಲಿನಲ್ಲೇ ಹಣ್ಣಾಗುತ್ತದೆ. ಕಣಗಿಲೆ ಬೇಲಿಯ ಸಾಲಿನಲ್ಲಿ, ನಿಂಬೆ ಹಿತ್ತಲಿನಲ್ಲಿ, ಜಾಜಿ ಚಪ್ಪರದ ಮೇಲೆ, ಲೋಳೆಸರ ಕಲ್ಲಿನ ಸಂದಿಯಲ್ಲಿ ಯಾರ ಹಂಗೂ ಇಲ್ಲದೆ ಬೆಳೆಯುತ್ತವೆ. ಇವೇ ಗಿಡಗಳು ಈವ್ಲಿನ್ನನ ಇಂಗ್ಲೆಂಡಿನಲ್ಲಿ ರಾಜೋಪಚಾರ ಬೇಡುವ ಅತಿಥಿಗಳಾಗಿದ್ದುವು. ಅವುಗಳನ್ನು ಮರದ ತೊಟ್ಟಿಗಳಲ್ಲಿ ನೆಟ್ಟು ಬೇಸಗೆಯಲ್ಲಿ ಅಂಗಳಕ್ಕೆ ಹೊರಬೇಕು, ಚಳಿಗಾಲಕ್ಕೆ ಮತ್ತೆ ಮನೆಯೊಳಕ್ಕೆ ಹೊರಬೇಕು.

ತೊಟ್ಟಿಯ ಗಿಡಕ್ಕೆ ಚಳಿಯ ಅಪಾಯ ಏಕೆ ಹೆಚ್ಚು ಎಂಬುದನ್ನು ಇಲ್ಲಿಯೇ ತಿಳಿದುಕೊಳ್ಳುವುದು ಲೇಸು. ನೆಲದಲ್ಲಿ ನೆಟ್ಟ ಗಿಡದ ಬೇರಿಗೆ ಭೂಮಿಯೇ ಕಂಬಳಿ. ಮೇಲಿನ ಮಣ್ಣು ಹೆಪ್ಪುಗಟ್ಟಿದರೂ ಆಳದಲ್ಲಿ ಬೆಚ್ಚಗೆ ಉಳಿದಿರುತ್ತದೆ. ಕುಂಡಕ್ಕೆ ಆ ಭಾಗ್ಯವಿಲ್ಲ. ಚಳಿ ಅದನ್ನು ಸುತ್ತಲಿನಿಂದಲೂ ಮುತ್ತುತ್ತದೆ. ಒಳಗಿನ ತೇವ ಮಂಜುಗಡ್ಡೆಯಾಗಿ ಹಿಗ್ಗಿ ಮಣ್ಣಿನ ಕುಂಡ ಸೀಳುತ್ತದೆ, ಎಳೆಯ ಬೇರುಗಳು ಸಾಯುತ್ತವೆ. ವರ್ಷವೆಲ್ಲ ಹಸುರಾಗಿರುವ ಗಿಡಗಳಿಗಂತೂ ಇನ್ನೊಂದು ಕಷ್ಟ. ಎಲೆಗಳು ಗಾಳಿಗೆ ಬಿಸಿಲಿಗೆ ನೀರನ್ನು ಬಿಡುತ್ತಲೇ ಇರುತ್ತವೆ. ಗಡ್ಡೆಕಟ್ಟಿದ ಮಣ್ಣಿನಿಂದ ಬೇರು ನೀರನ್ನು ಹೀರಲಾರದು. ಸುತ್ತಲೂ ಹಿಮವಿದ್ದರೂ ಗಿಡ ಬಾಯಾರಿ ಒಣಗುತ್ತದೆ.

ಈವ್ಲಿನ್ ಹುಟ್ಟಿದ್ದು ೧೬೨೦ರ ಅಕ್ಟೋಬರ್ ೩೧ರಂದು, ಸರ್ರೆ ಪ್ರಾಂತದ ವಾಟನ್ ಎಂಬಲ್ಲಿ. ಮನೆತನದ ಐಶ್ವರ್ಯಕ್ಕೆ ಮೂಲ ಸಿಡಿಮದ್ದಿನ ತಯಾರಿಕೆ. ತಾತನ ಕಾಲದಿಂದ ಬಂದ ಉದ್ಯಮ ಅದು. ಬಾಲ್ಯದ ಬಹುಭಾಗವನ್ನು ಲೂಯಿಸ್ ಎಂಬ ಊರಿನಲ್ಲಿ ಕಳೆದು ಆತ ಅಲ್ಲಿಯೇ ಓದಿದ. ಪ್ರಸಿದ್ಧವಾದ ಈಟನ್ ಶಾಲೆಗೆ ಕಳುಹಿಸಬೇಕೆಂದು ತಂದೆ ಬಯಸಿದಾಗ, ಅಲ್ಲಿಯ ಶಿಸ್ತು ಬಲು ಕಠಿಣವೆಂದು ಕೇಳಿ ಹೆದರಿ ಹುಡುಗ ಹೋಗಲಿಲ್ಲ. ೧೬೩೭ರಲ್ಲಿ ಆಕ್ಸ್‌ಫರ್ಡಿನ ಬೇಲಿಯಲ್ ಕಾಲೇಜನ್ನು ಸೇರಿ, ಪದವಿಯನ್ನು ಪಡೆಯದೆಯೇ ಹೊರಬಂದ. ಪದವಿಯ ಹೊಸ್ತಿಲಲ್ಲಿ ನಿಂತಿರುವ ನಮಗೆ ಇದು ಸ್ವಲ್ಪ ಸಮಾಧಾನವನ್ನೂ ಸ್ವಲ್ಪ ನಾಚಿಕೆಯನ್ನೂ ಉಂಟುಮಾಡುವ ಸಂಗತಿ. ಆತನ ನಿಜವಾದ ವ್ಯಾಸಂಗ ಮೊದಲಾದದ್ದು ಅನಂತರವೇ.

೧೬೪೨ರಲ್ಲಿ ದೊರೆಗೂ ಪಾರ್ಲಿಮೆಂಟಿಗೂ ಯುದ್ಧ ಹತ್ತಿತು. ಈವ್ಲಿನ್ ದೊರೆಯ ಪಕ್ಷದವನು. ಆದರೆ ಕತ್ತಿ ಹಿಡಿಯುವ ಸ್ವಭಾವದವನಲ್ಲ. ಮರುವರ್ಷ ಆತ ದೇಶವನ್ನು ಬಿಟ್ಟು ಫ್ರಾನ್ಸ್ ಇಟಲಿಗಳಲ್ಲಿ ಸುತ್ತಾಡಿದ. ಪಡುವಾ ನಗರದಲ್ಲಿ ಶರೀರಶಾಸ್ತ್ರವನ್ನು ಕೇಳಿದ; ಎಲ್ಲಿ ಹೋದರೂ ತೋಟಗಳನ್ನು ನೋಡಿದ. ಇಟಲಿಯ ಬಿಸಿಲಿನಲ್ಲಿ ಕಿತ್ತಳೆ ನಿಂಬೆಗಳು ಬಯಲಲ್ಲಿ ನಿಂತು ಹೂ ಬಿಡುವುದನ್ನು ಕಂಡ ಉತ್ತರದೇಶದ ಯುವಕನಿಗೆ, ಇವು ನಮ್ಮೂರಿನಲ್ಲಿಯೂ ಇದ್ದರೆ ಎಂಬ ಆಸೆ ಹುಟ್ಟುವುದು ಸಹಜ. ೧೬೪೭ರಲ್ಲಿ ಪ್ಯಾರಿಸ್ಸಿನಲ್ಲಿ, ಇಂಗ್ಲೆಂಡಿನ ದೊರೆಯ ಪ್ರತಿನಿಧಿಯಾಗಿದ್ದ ಸರ್ ರಿಚರ್ಡ್ ಬ್ರೌನನ ಮಗಳು ಮೇರಿಯನ್ನು ಆತ ಮದುವೆಯಾದ.

ಯುದ್ಧ ಮುಗಿದು, ದೊರೆಯ ತಲೆ ಉರುಳಿ, ದೇಶ ಹೊಸ ಆಳ್ವಿಕೆಗೆ ಒಗ್ಗಿಕೊಂಡ ಮೇಲೆ, ೧೬೫೨ರಲ್ಲಿ ದಂಪತಿಗಳು ತಾಯ್ನಾಡಿಗೆ ಹಿಂದಿರುಗಿದರು. ಲಂಡನ್ನಿಗೆ ಸಮೀಪದಲ್ಲಿ, ಥೇಮ್ಸ್ ನದಿಯ ದಡದ ಡೆಟ್‌ಫರ್ಡಿನಲ್ಲಿ, ಸೇಸ್ ಕೋರ್ಟ್ ಎಂಬ ಮನೆ ಹೆಂಡತಿಯ ಕಡೆಯಿಂದ ಬಂದಿತ್ತು. ಮನೆಯ ಸುತ್ತ ಇದ್ದದ್ದು ಒಂದು ಹಳೆಯ ಹಣ್ಣಿನ ತೋಪು, ಮಿಕ್ಕದ್ದೆಲ್ಲ ಬಯಲು. ೧೬೫೩ರಲ್ಲಿ ಈವ್ಲಿನ್ ಅಲ್ಲಿ ತೋಟದ ಕೆಲಸವನ್ನು ಪ್ರಾರಂಭಿಸಿದ. ಪ್ಯಾರಿಸ್ಸಿನಲ್ಲಿ ಕಂಡಿದ್ದ ತೋಟದ ಮಾದರಿಯಲ್ಲಿ ಪಾತಿಗಳನ್ನು ಹಾಕಿಸಿದ, ಸಾಲುಮರಗಳನ್ನು ನೆಡಿಸಿದ, ಹಾಲಿ ಎಂಬ ಮುಳ್ಳೆಲೆಯ ಗಿಡದಿಂದ ಬೇಲಿ ಬೆಳೆಸಿದ. ಕೆಲವೇ ವರ್ಷಗಳಲ್ಲಿ ಸೇಸ್ ಕೋರ್ಟ್ ತೋಟವನ್ನು ನೋಡಲು ದೇಶದ ದೊಡ್ಡವರೆಲ್ಲ ಬರತೊಡಗಿದರು.

ಸುಖವಾಗಿ ಸಾಗುತ್ತಿದ್ದ ಈ ಬಾಳಿಗೆ ೧೬೫೮ರ ಚಳಿಗಾಲ ಬರಸಿಡಿಲಿನಂತೆ ಎರಗಿತು. ಆ ವರ್ಷದ ಚಳಿಗೆ, ತಿನ್ನಲು ಕೂತ ಕಾಗೆಯ ಕಾಲು ಆಹಾರಕ್ಕೇ ಅಂಟಿಕೊಂಡು ಗಡ್ಡೆಕಟ್ಟುತ್ತಿತ್ತೆಂದು ಈವ್ಲಿನ್ ಬರೆದಿದ್ದಾನೆ. ಆತನ ಹಿರಿಯ ಮಗ ರಿಚರ್ಡ್ ಆಗ ಐದು ವರ್ಷದವನು. ಆ ವಯಸ್ಸಿಗೆ ಲ್ಯಾಟಿನ್ ಫ್ರೆಂಚ್ ಭಾಷೆಗಳನ್ನು ಓದಬಲ್ಲವನಾಗಿದ್ದು ಮನೆಗೆ ಬಂದವರನ್ನು ಬೆರಗುಗೊಳಿಸುತ್ತಿದ್ದ. ಜನವರಿಯಲ್ಲಿ ಮಗುವಿಗೆ ಚಳಿಜ್ವರ ಬಂದಿತು. ವೈದ್ಯರನ್ನು ಕರೆಯಲು ಲಂಡನ್ನಿಗೆ ಹೇಳಿ ಕಳುಹಿಸಿದರು. ನದಿ ಹೆಪ್ಪುಗಟ್ಟಿ ದೋಣಿ ನಡೆಯದು. ದಾರಿಯಲ್ಲಿ ಗಾಡಿ ಮುರಿಯಿತು. ೨೭ನೆಯ ತಾರೀಖು ಮಗು ತೀರಿಕೊಂಡಿತು. ಮೂರು ವಾರ ಕಳೆಯುವುದರೊಳಗೆ ತೊಟ್ಟಿಲಲ್ಲಿದ್ದ ಇನ್ನೊಂದು ಗಂಡುಕೂಸೂ ಹೋಯಿತು.

ರಿಚರ್ಡನ ಸಾವಿನ ವಿಷಯದಲ್ಲಿ ಈವ್ಲಿನ್ ಒಂದು ಮಾತನ್ನು ದಿನಚರಿಯಲ್ಲಿ ಬರೆದಿಟ್ಟಿದ್ದಾನೆ. ಅದು ಈ ಕಥೆಗೆ ಬಹು ಮುಖ್ಯ. ಮಗುವಿಗೆ ಚಳಿಯಾಗಬಾರದೆಂದು ಮನೆಯ ದಾದಿಯರು ಅದನ್ನು ಕಂಬಳಿಗಳಿಂದ ಬಿಗಿಯಾಗಿ ಹೊದಿಸಿ, ಬಾಗಿಲು ಮುಚ್ಚಿದ ಕೋಣೆಯಲ್ಲಿ, ಧಗಧಗಿಸುವ ಬೆಂಕಿಯ ಬಳಿ ಮಲಗಿಸಿದ್ದರು. ಅದರಿಂದಲೇ ಮಗುವಿಗೆ ಉಸಿರುಕಟ್ಟಿತೆಂದು ತಂದೆಯ ನಂಬಿಕೆ. ವೈದ್ಯರು ಶರೀರವನ್ನು ಪರೀಕ್ಷಿಸಿ ಯಕೃತ್ತಿನಲ್ಲಿ ಕಂಡ ದೋಷವನ್ನು ಎತ್ತಿ ಹೇಳಿದರು. ದಾದಿಯರ ಮೇಲೆ ಹೊರಿಸಿದ ತಪ್ಪು ದುಃಖದ ಭರದಲ್ಲಿದ್ದ ತಂದೆ ಹೊರಿಸಿದ್ದು ಎಂಬುದನ್ನು ನಾವು ಮರೆಯಬಾರದು. ಅವರು ಮಾಡಿದ್ದೂ ಪ್ರೀತಿಯಿಂದಲೇ. ಆದರೆ ಮುಚ್ಚಿದ ಕೋಣೆ, ಒಳಗೆ ಉರಿಯುವ ಬೆಂಕಿ, ಗಾಳಿಯಿಲ್ಲದ ಬಿಸಿ ಎಂಬ ಈ ಚಿತ್ರವನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಬಿನ್ನವಿಸುತ್ತೇನೆ.

ಮಗನ ನೆನಪಿಗಾಗಿ ಈವ್ಲಿನ್ ಮಕ್ಕಳ ಶಿಕ್ಷಣವನ್ನು ಕುರಿತು ಸಂತ ಕ್ರಿಸೋಸ್ಟಮ್ ಬರೆದ ಪುಸ್ತಕವನ್ನು ಇಂಗ್ಲಿಷಿಗೆ ತಿರುಗಿಸಿದ. ಅದೇ ವರ್ಷದಲ್ಲಿಯೇ ತೋಟಗಾರಿಕೆಯ ಒಂದು ಫ್ರೆಂಚ್ ಪುಸ್ತಕದ ಅನುವಾದವನ್ನೂ ಅಚ್ಚು ಹಾಕಿಸಿದ. ಸೆಪ್ಟೆಂಬರಿನಲ್ಲಿ ಬೆಡಿಂಗ್‌ಟನ್ ಎಂಬಲ್ಲಿ ಕೇರೂ ಮನೆತನದವರ ಕಿತ್ತಳೆ ತೋಟವನ್ನು ನೋಡಿ ಬಂದ. ಇಂಗ್ಲೆಂಡಿನ ಮೊಟ್ಟಮೊದಲ ಕಿತ್ತಳೆ ತೋಟವೆಂದು ಅದಕ್ಕೆ ಹೆಸರು. ಅಲ್ಲಿ ಮರಗಳನ್ನು ನೆಲದಲ್ಲಿಯೇ ನೆಟ್ಟಿದ್ದರು. ಚಳಿಗಾಲ ಬಂದಾಗ ಅವುಗಳ ಮೇಲೆ ಹಲಗೆಯ ಮನೆಯನ್ನು ಕಟ್ಟಿ ಒಳಗೆ ಒಲೆಗಳನ್ನಿಟ್ಟು ಕಾಪಾಡುತ್ತಿದ್ದರು. ಇದು ಸಿರಿವಂತರ ಉಪಾಯ. ತೊಟ್ಟಿಯಲ್ಲಿ ನೆಟ್ಟರೆ ಗಿಡವನ್ನೇ ಮನೆಗೆ ಒಯ್ಯಬಹುದು. ಹೆಚ್ಚು ಜನ ಅನುಸರಿಸಬಹುದಾದ ದಾರಿ ಅದೇ.

೧೬೬೦ರಲ್ಲಿ ಎರಡನೆಯ ಚಾರ್ಲ್ಸ್ ಸಿಂಹಾಸನವನ್ನೇರಿದ. ಆ ವರ್ಷವೇ ಲಂಡನ್ನಿನಲ್ಲಿ ವಿದ್ವಾಂಸರು ಕೂಡಿ ಮುಂದೆ ರಾಯಲ್ ಸೊಸೈಟಿ ಎಂದು ಪ್ರಸಿದ್ಧವಾದ ಸಂಘವನ್ನು ಕಟ್ಟಿದರು. ಈವ್ಲಿನ್ ಅದರ ಮೊದಲ ಸದಸ್ಯರಲ್ಲೊಬ್ಬ. ಅವನ ಗೆಳೆಯ ರಾಬರ್ಟ್ ಬಾಯ್ಲ್, ಗಾಳಿಯನ್ನು ಹೊರಗೆಳೆಯುವ ಯಂತ್ರದ ಸಹಾಯದಿಂದ, ಗಾಳಿಯಿಲ್ಲದ ಕಡೆ ದೀಪ ಆರುವುದನ್ನೂ ಪ್ರಾಣಿ ಸಾಯುವುದನ್ನೂ ತೋರಿಸುತ್ತಿದ್ದ ಕಾಲವದು. ಈವ್ಲಿನ್ನನ ಮನಸ್ಸೂ ಗಾಳಿಯ ಕಡೆಗೇ ಹರಿಯಿತು. ೧೬೬೧ರಲ್ಲಿ ಆತ ಲಂಡನ್ನಿನ ಕಲ್ಲಿದ್ದಲ ಹೊಗೆಯನ್ನು ಕುರಿತು ಫ್ಯೂಮಿಫ್ಯೂಜಿಯಮ್ ಎಂಬ ಪುಸ್ತಕವನ್ನು ಬರೆದ. ಹೊಗೆಯುಗುಳುವ ಉದ್ಯಮಗಳನ್ನು ಊರ ಹೊರಕ್ಕೆ ಸಾಗಿಸಿ, ಸುತ್ತಲೂ ಪರಿಮಳದ ಗಿಡಗಳನ್ನು ನೆಡಬೇಕೆಂಬುದು ಅದರ ಸಲಹೆ. ಯುದ್ಧದಲ್ಲಿ ನ್ಯೂಕಾಸಲ್ ಪಟ್ಟಣಕ್ಕೆ ಮುತ್ತಿಗೆ ಬಿದ್ದು ಲಂಡನ್ನಿಗೆ ಕಲ್ಲಿದ್ದಲು ಬಾರದಿದ್ದ ವರ್ಷ, ನಗರದ ನಡುವಿನ ತೋಟಗಳು ಎಂದೂ ಇಲ್ಲದಷ್ಟು ಹಣ್ಣು ಬಿಟ್ಟುದನ್ನು ಆತ ಅಲ್ಲಿ ಉದಾಹರಿಸಿದ್ದಾನೆ. ಮನುಷ್ಯನ ಎದೆಗೆ ಕೆಟ್ಟದ್ದು ಗಿಡಕ್ಕೂ ಕೆಟ್ಟದ್ದೆಂಬ ಭಾವ ಆಗಲೇ ಅವನಲ್ಲಿ ಮೊಳೆತಿತ್ತು.

೧೬೬೪ರಲ್ಲಿ ಆತನ ಮುಖ್ಯ ಗ್ರಂಥವಾದ ಸಿಲ್ವ ಹೊರಬಂತು. ರಾಯಲ್ ಸೊಸೈಟಿಯ ಅಪ್ಪಣೆಯಿಂದ ಪ್ರಕಟವಾದ ಮೊದಲ ಪುಸ್ತಕ ಅದು. ಹಡಗು ಕಟ್ಟಲು ಮರ ಸಾಲದೆ ಹೋದ ದೇಶಕ್ಕೆ ಕಾಡು ಬೆಳೆಸುವುದನ್ನು ಅದು ಕಲಿಸಿತು. ಅದರ ಕೊನೆಯಲ್ಲಿ ಸೇರಿಸಿದ್ದ ಚಿಕ್ಕ ಭಾಗವೊಂದು ನಮ್ಮ ವಿಷಯಕ್ಕೆ ಸಂಬಂಧಿಸಿದ್ದು. ಅದರ ಹೆಸರು ಕ್ಯಾಲೆಂಡೇರಿಯಮ್ ಹಾರ್ಟೆನ್ಸೆ, ಎಂದರೆ ತೋಟಗಾರನ ಪಂಚಾಂಗ. ಹನ್ನೆರಡು ತಿಂಗಳಲ್ಲಿ ಯಾವ ಯಾವಾಗ ಏನೇನು ಮಾಡಬೇಕೆಂದು ಅದು ಹೇಳುತ್ತದೆ. ಸಿಲ್ವವನ್ನು ಪ್ರಭುಗಳು ಓದಿದರು. ಪಂಚಾಂಗವನ್ನು ತೋಟವಿದ್ದವರೆಲ್ಲ ಓದಿದರು. ಬೇರೆಯಾಗಿಯೂ ಅಚ್ಚಾಗಿ ಅದು ಮತ್ತೆ ಮತ್ತೆ ಮುದ್ರಣಗಳನ್ನು ಕಂಡಿತು.

ಆ ಪಂಚಾಂಗದಲ್ಲಿ ತೊಟ್ಟಿಯ ಗಿಡಗಳ ಚಳಿಗಾಲದ ವಿಧಿಗಳು ಹೀಗಿವೆ. ಶರತ್ಕಾಲದಲ್ಲಿ ಹೆಪ್ಪುಚಳಿ ಮೊದಲಾಗುವುದಕ್ಕೆ ಮುಂಚೆಯೇ, ಒಣ ಹವೆಯ ದಿನವನ್ನು ನೋಡಿ, ಕಿತ್ತಳೆ ನಿಂಬೆ ಕಣಗಿಲೆ ಜಾಜಿ ಮೊದಲಾದ ನಾಜೂಕಿನ ಗಿಡಗಳನ್ನು ಒಳಕ್ಕೆ ತರಬೇಕು. ಒಳಗಿಟ್ಟ ಕೂಡಲೆ ಕಿಟಕಿಗಳನ್ನು ಭದ್ರವಾಗಿ ಮುಚ್ಚಬಾರದು; ಹವೆ ಹಿತವಾಗಿರುವವರೆಗೆ ತೆರೆದಿಟ್ಟು, ಚಳಿ ಬಲಿತಂತೆ ಸ್ವಲ್ಪ ಸ್ವಲ್ಪವಾಗಿ ಮುಚ್ಚುತ್ತ ಬರಬೇಕು. ನೀರನ್ನು ಮಿತವಾಗಿ, ಚಳಿ ಬಿಡಿಸಿದ ನೀರನ್ನು, ಎರೆಯಬೇಕು. ಎಲ್ಲ ಗಿಡವೂ ಒಂದೇ ಸಮನಾಗಿ ನಾಜೂಕಲ್ಲ. ಆದುದರಿಂದ ಯಾವುದು ಮೊದಲು ಒಳಗೆ ಬರಬೇಕು, ಯಾವುದು ಇನ್ನಷ್ಟು ದಿನ ತಾಳಬಲ್ಲುದು ಎಂಬುದನ್ನು ಅರಿತಿರಬೇಕು. ಒಳಕ್ಕೆ ತರಲಾಗದ ಹೂವಿನ ಪಾತಿಗಳಿಗೆ ಹುಲ್ಲು ಚಾಪೆಗಳ ಹೊದಿಕೆ ಹಾಕಬೇಕು.

ಜನವರಿಯ ಕಡುಚಳಿಗೆ ಆತ ಹೇಳಿದ ಪರೀಕ್ಷೆ ಸುಲಭವಾದದ್ದು. ಗಿಡಗಳ ನಡುವೆ ಒಂದು ಪಾತ್ರೆಯಲ್ಲಿ ನೀರನ್ನಿಡುವುದು. ಅದು ಹೆಪ್ಪುಗಟ್ಟಿತೆಂದರೆ ಬೆಂಕಿಯ ಸಹಾಯ ಬೇಕೆಂದು ಅರ್ಥ. ಆಗ ಇದ್ದಿಲನ್ನು ಹೊತ್ತಿಸಿ, ಹೊಗೆಯೆಲ್ಲ ಹೋದ ಮೇಲೆ, ಮನೆಯ ನಡುವೆ ನೆಲದಲ್ಲಿ ತೋಡಿದ ಚಿಕ್ಕ ಗುಳಿಯಲ್ಲಿ ಆ ಕೆಂಡವನ್ನು ಇಡಬೇಕು. ವಸಂತ ಬಂದಾಗ ಗಿಡಗಳನ್ನು ಎಂದು ಹೊರಕ್ಕೆ ತರಬೇಕೆಂಬುದಕ್ಕೆ ಆತ ತಾರೀಖನ್ನು ಕೊಡಲಿಲ್ಲ. ಒಂದು ಮರವನ್ನು ತೋರಿಸಿದ. ಹಿಪ್ಪುನೇರಳೆ ಎಲೆಯೊಡೆದುದನ್ನು ಕಂಡರೆ ಧೈರ್ಯವಾಗಿ ಕಿತ್ತಳೆಯನ್ನು ಹೊರಗಿಡಬಹುದು, ಅದು ಬೇಗ ಬರಲಿ ತಡವಾಗಿ ಬರಲಿ. ಕಾಗದದ ಪಂಚಾಂಗಕ್ಕಿಂತ ಮರದ ಪಂಚಾಂಗ ಹೆಚ್ಚು ನಂಬಿಕೆಯದೆಂಬುದು ಮಳೆ ನೋಡಿ ಬಿತ್ತುವ ನಮ್ಮ ರೈತರಿಗೆ ಯಾರೂ ಹೇಳಿಕೊಡಬೇಕಾದ ಮಾತಲ್ಲ.

ಆಗಿನ ಗಿಡಮನೆ ಇಂದಿನಂತೆ ಗಾಜಿನ ಮಾಡಿನದಲ್ಲ. ಇಟ್ಟಿಗೆಯ ಗೋಡೆ, ಸಾಧಾರಣ ಮಾಡು, ದಕ್ಷಿಣಕ್ಕೆ ಮಾತ್ರ ದೊಡ್ಡ ಕಿಟಕಿಗಳು. ವರ್ಷವೆಲ್ಲ ಹಸುರಾಗಿರುವ ಗಿಡಗಳನ್ನು ಕಾಪಾಡುವ ಮನೆಯಾದ್ದರಿಂದಲೇ ಅದಕ್ಕೆ ಗ್ರೀನ್‌ಹೌಸ್ ಎಂದು ಹೆಸರು ಬಂದದ್ದು. ಇಂಥ ಮನೆಯಲ್ಲಿ ಕೆಂಡವಿಟ್ಟರೆ ಬಿಸಿಯೇನೋ ಹುಟ್ಟುತ್ತದೆ. ಜೊತೆಗೆ ಕೆಟ್ಟ ಗಾಳಿಯೂ ತುಂಬುತ್ತದೆ. ಮುಚ್ಚಿದ ಕೋಣೆಯ ಇದ್ದಿಲ ಬೆಂಕಿ ಮನುಷ್ಯನನ್ನೂ ಕೊಲ್ಲುವ ವಿಷಾನಿಲವನ್ನು ಹೊರಡಿಸುತ್ತದೆಂಬುದು ಇಂದು ನಮಗೆ ತಿಳಿದಿದೆ. ಆಗ ಆಮ್ಲಜನಕವನ್ನೇ ಇನ್ನೂ ಯಾರೂ ಕಂಡುಹಿಡಿದಿರಲಿಲ್ಲ. ಅದಕ್ಕೆ ಇನ್ನೂ ನೂರು ವರ್ಷಗಳು ಕಾಯಬೇಕಾಗಿತ್ತು. ಹೀಗೆ ೧೬೬೪ರ ಪಂಚಾಂಗದಲ್ಲಿ ಗಿಡಕ್ಕೆ ಬಿಸಿಯ ವ್ಯವಸ್ಥೆ ಇತ್ತು. ಬೆಂಕಿ ಉರಿಯುವಾಗ ಉಸಿರಿನ ವ್ಯವಸ್ಥೆ ಇನ್ನೂ ಆಗಿರಲಿಲ್ಲ.

ಇಪ್ಪತ್ತು ವರ್ಷಗಳ ಈ ಅನುಭವವನ್ನೆಲ್ಲ ೧೬೮೩-೮೪ರ ಚಳಿಗಾಲ ಪರೀಕ್ಷೆಗೆ ಒಡ್ಡಿತು. ಇಂಗ್ಲೆಂಡಿನ ನಡುನಾಡಿನ ಉಷ್ಣತೆಯ ಲೆಕ್ಕ ೧೬೫೯ರಿಂದ ದೊರೆಯುತ್ತದೆ. ಆ ಲೆಕ್ಕದಲ್ಲಿ ಅಷ್ಟು ಚಳಿಯ ಚಳಿಗಾಲ ಇನ್ನೊಂದಿಲ್ಲ. ಥೇಮ್ಸ್ ನದಿ ಕಲ್ಲಿನ ಚಪ್ಪಡಿಯಂತೆ ಗಟ್ಟಿಯಾಯಿತು. ಅದರ ಮೇಲೆ ಅಂಗಡಿ ಬೀದಿಗಳು ಎದ್ದುವು, ಕುದುರೆಗಾಡಿಗಳು ಓಡಾಡಿದುವು, ಮುದ್ರಣಯಂತ್ರವನ್ನೇ ತಂದಿಟ್ಟು ಜನರ ಹೆಸರನ್ನು ಅಚ್ಚುಹಾಕಿ ಮಾರಿದರು. ಲಂಡನ್ನಿನಲ್ಲಿ ಬಿಡಾರ ಮಾಡಿದ್ದ ಈವ್ಲಿನ್ ಈ ಜಾತ್ರೆಯನ್ನೆಲ್ಲ ನೋಡಿ ಬರೆದಿದ್ದಾನೆ. ಆದರೆ ಅವನ ಮನಸ್ಸು ತೋಟದ ಕಡೆಗಿತ್ತು.

ಫೆಬ್ರವರಿ ೪ರಂದು ಆತ ಸೇಸ್ ಕೋರ್ಟಿಗೆ ಹೋದ. ಅಪರೂಪದ ಗಿಡಗಳೆಷ್ಟೋ ಪೂರ್ಣ ನಾಶವಾಗಿದ್ದುವು. ಕಿತ್ತಳೆಯೂ ಮಿರ್ಟಲ್ ಗಿಡಗಳೂ ಕಾಯಿಲೆಯಿಂದ ಎದ್ದವರಂತೆ ಬಾಡಿ ನಿಂತಿದ್ದುವು. ರೋಸ್‌ಮರಿ ಲಾರೆಲ್‌ಗಳು ನೋಡಿದರೆ ಸತ್ತಂತೆಯೇ. ಸೈಪ್ರೆಸ್ ಮಾತ್ರ ಬದುಕುವ ಭರವಸೆ ಕೊಟ್ಟಿತು. ಮೂವತ್ತು ವರ್ಷಗಳ ದುಡಿಮೆಯ ಮೇಲೆ ಎರಡು ತಿಂಗಳ ಚಳಿ ಕೈಯಾಡಿಸಿತ್ತು.

ಇಲ್ಲಿ ಈವ್ಲಿನ್ನನ ದೊಡ್ಡತನ ಕಾಣುತ್ತದೆ. ಏಪ್ರಿಲ್ ತಿಂಗಳಲ್ಲಿ ಆತ ತನ್ನ ನಷ್ಟದ ಪೂರ್ಣ ವಿವರವನ್ನು ರಾಯಲ್ ಸೊಸೈಟಿಗೆ ಬರೆದು ಕಳುಹಿಸಿದ. ಸಂಘದ ಪತ್ರಿಕೆಯಲ್ಲಿ ಅದು ಪ್ರಕಟವಾಯಿತು. ಯಾವ ಮರ ತಾಳಿತು, ಯಾವುದು ತಾಳಲಿಲ್ಲ ಎಂಬುದನ್ನೆಲ್ಲ ಅಲ್ಲಿ ತಿಳಿಸಿದ್ದಾನೆ. ತೋಟದಲ್ಲಿ ಸಾಕಿದ್ದ ಆಮೆಯ ಸುದ್ದಿಯೂ ಅದರಲ್ಲಿದೆ. ಅನೇಕ ಚಳಿಗಾಲಗಳಲ್ಲಿ ಮಣ್ಣನ್ನು ತೋಡಿ ಆಳಕ್ಕಿಳಿದು ಬದುಕಿ ಉಳಿದಿದ್ದ ಆ ಆಮೆಗೆ ಆ ವರ್ಷ ದ್ರಾಕ್ಷಿಬಳ್ಳಿಯ ಬೇರೊಂದು ಅಡ್ಡವಾಗಿ, ಬೇಕಾದಷ್ಟು ಆಳಕ್ಕೆ ಹೋಗಲಾರದೆ ಅದು ಸತ್ತಿತ್ತು. ಕೆಲವೇ ಅಂಗುಲ ಮಣ್ಣು ಜೀವಕ್ಕೂ ಸಾವಿಗೂ ನಡುವಿನ ಗೋಡೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ದೃಷ್ಟಾಂತ ಬೇಡ. ಸಿರಿವಂತನಾದವನು ಹೊಸ ಗಿಡಗಳನ್ನು ತರಿಸಿ ನೆಟ್ಟು ಸುಮ್ಮನಿರಬಹುದಾಗಿತ್ತು. ಸೋಲನ್ನು ಲೆಕ್ಕವಿಟ್ಟು ನಾಲ್ಕು ಜನರ ಮುಂದಿಟ್ಟದ್ದರಿಂದ ಆ ಸೋಲು ಎಲ್ಲರ ವಿದ್ಯೆಯಾಯಿತು.

ಮರುವರ್ಷ ೧೬೮೫. ಮಾರ್ಚಿಯಲ್ಲಿ ಹತ್ತೊಂಬತ್ತು ವರ್ಷದ ಮಗಳು ಮೇರಿ ಸಿಡುಬಿನಿಂದ ತೀರಿಹೋದಳು. ಅದೇ ವರ್ಷ ಇನ್ನೊಬ್ಬ ಮಗಳು ಎಲಿಜಬೆತ್ತಳನ್ನೂ ಸಿಡುಬು ಒಯ್ಯಿತು. ಈ ಎರಡು ದುಃಖಗಳ ನಡುವೆ, ಆಗಸ್ಟ್ ತಿಂಗಳಲ್ಲಿ, ಆತ ಚೆಲ್ಸಿಯಲ್ಲಿದ್ದ ಔಷಧ ವ್ಯಾಪಾರಿಗಳ ತೋಟವನ್ನು ನೋಡಲು ಹೋಗಿದ್ದ. ಅಲ್ಲಿಯ ಮೇಲ್ವಿಚಾರಕ ವಾಟ್ಸ್ ಎಂಬಾತ ಗಿಡಮನೆಯ ನೆಲದ ಅಡಿಯಲ್ಲಿ ಇಟ್ಟಿಗೆಯ ಕಮಾನು ಕಟ್ಟಿ ಒಲೆಯ ಬಿಸಿಯನ್ನು ಹಾಯಿಸಿದ್ದ. ಅದರಿಂದ ಕಡುಚಳಿಯಲ್ಲಿಯೂ ಕಿಟಕಿ ಬಾಗಿಲುಗಳನ್ನು ತೆರೆದಿಡಬಹುದಾಗಿತ್ತು. ಹಿಮ ಒಳಗೆ ಬೀಳದಂತೆ ನೋಡಿಕೊಂಡರೆ ಸಾಕು. ಬಿಸಿಯೂ ಇರಬೇಕು, ಬಾಗಿಲೂ ತೆರೆದಿರಬೇಕು ಎಂಬ ಈ ವ್ಯವಸ್ಥೆಯನ್ನು ಈವ್ಲಿನ್ ಮೆಚ್ಚಿ ದಿನಚರಿಯಲ್ಲಿ ಬರೆದುಕೊಂಡ.

೧೬೯೧ರಲ್ಲಿ ಪಂಚಾಂಗದ ಎಂಟನೆಯ ಮುದ್ರಣ ಬಂದಾಗ ಅದರಲ್ಲಿ ಹೊಸದೊಂದು ಗಿಡಮನೆಯ ಯೋಜನೆಯನ್ನು ಚಿತ್ರಸಹಿತವಾಗಿ ಸೇರಿಸಿದ್ದ. ಆಗ ಆತನಿಗೆ ಎಪ್ಪತ್ತು ವರ್ಷ. ಒಳಗೆ ಬೆಂಕಿಯಿಟ್ಟರೆ ಗಾಳಿ ಸತ್ತುಹೋಗುತ್ತದೆ, ಅದೇ ಸತ್ತ ಗಾಳಿ ಮತ್ತೆ ಮತ್ತೆ ಕಾಯುತ್ತದೆ, ಗಿಡಗಳು ಅದರಿಂದಲೇ ಸೊರಗುತ್ತವೆ ಎಂದು ಆತ ವಾದಿಸಿದ. ಅದಕ್ಕೆ ಪರಿಹಾರ ಹೀಗೆ: ಒಲೆ ಗಿಡಮನೆಯ ಗೋಡೆಯ ಹೊರಗಿರಬೇಕು. ಬೆಂಕಿಯ ಶಾಖವನ್ನು ತಾಳುವ ಮಣ್ಣಿನ ಕೊಳವೆಗಳು ಆ ಒಲೆಯ ಮೂಲಕ ಹಾದುಹೋಗಬೇಕು. ಹೊರಗಿನ ಹೊಸ ಗಾಳಿ ಆ ಕೊಳವೆಗಳಲ್ಲಿ ಬಿಸಿಯಾಗಿ ಮನೆಯೊಳಕ್ಕೆ ಬರುತ್ತದೆ. ಎದುರಿನ ಕೊನೆಯಲ್ಲಿ ನೆಲದಲ್ಲೊಂದು ಕಂಡಿ. ಅಲ್ಲಿಂದ ನೆಲದಡಿಯ ಕಾಲುವೆ ಒಲೆಯ ಬೂದಿಗುಳಿಗೆ ಸೇರುತ್ತದೆ. ಒಲೆ ಉರಿಯಲು ಗಾಳಿ ಬೇಕಷ್ಟೆ. ಆ ಗಾಳಿಯನ್ನು ಅದು ಮನೆಯೊಳಗಿನಿಂದಲೇ ಸೆಳೆದುಕೊಳ್ಳುತ್ತದೆ. ಹಳೆಯ ಗಾಳಿ ಹೊರಟಷ್ಟೂ ಹೊಸ ಗಾಳಿ ಒಳಗೆ ಬರುತ್ತದೆ. ಬಿಸಿಯ ಪ್ರಮಾಣವನ್ನು ತಿಳಿಯಲು ಗೋಡೆಗೊಂದು ಉಷ್ಣಮಾಪಕ. ಬೆಂಕಿ ತಾನೇ ಮನೆಗೆ ಉಸಿರಾಡಿಸುವ ಈ ಯುಕ್ತಿ, ಕಟ್ಟಡಗಳಲ್ಲಿ ಬಿಸಿಗಾಳಿಯನ್ನು ಹರಿಯಿಸುವ ವಿದ್ಯೆಯ ಇತಿಹಾಸದಲ್ಲಿ ಇಂದಿಗೂ ಸ್ಥಾನ ಪಡೆದಿದೆ.

೧೬೫೮ರ ಆ ಮುಚ್ಚಿದ ಕೋಣೆಯನ್ನೂ ೧೬೯೧ರ ಈ ಗಿಡಮನೆಯನ್ನೂ ಪಕ್ಕಪಕ್ಕದಲ್ಲಿಟ್ಟು ನೋಡುತ್ತಿರುವವನು ನಾನು. ಈವ್ಲಿನ್ ಮೂವತ್ತಮೂರು ವರ್ಷಗಳ ಹಿಂದಿನ ಮಗುವನ್ನು ನೆನೆದೇ ಈ ಒಲೆಯನ್ನು ಕಲ್ಪಿಸಿದನೆಂದು ನಾನು ಸಾಧಿಸಹೊರಟಿಲ್ಲ. ಆದರೂ ಎರಡರಲ್ಲಿಯೂ ಪ್ರಶ್ನೆ ಒಂದೇ ಎಂಬುದು ಸ್ಪಷ್ಟ. ನಾಜೂಕಾದ ಜೀವವನ್ನು ಬೆಚ್ಚಗಿಡಬೇಕು; ಬೆಚ್ಚಗಿಡುವ ಆತುರದಲ್ಲಿ ಉಸಿರನ್ನು ಕಟ್ಟಬಾರದು. ಮಗುವಿನ ವಿಷಯದಲ್ಲಿ ಸಿಕ್ಕದ ಉತ್ತರ ಕಿತ್ತಳೆ ಗಿಡದ ವಿಷಯದಲ್ಲಿ ಸಿಕ್ಕಿತು.

ಈ ಕೆಲಸವನ್ನೆಲ್ಲ ಈವ್ಲಿನ್ ಒಬ್ಬನೇ ಕೈಯಾರೆ ಮಾಡಿದನೆಂದು ಹೇಳಲಾಗದು. ತೊಟ್ಟಿಗಳನ್ನು ಹೊತ್ತವರು, ರಾತ್ರಿ ಎದ್ದು ಕೆಂಡ ನೋಡಿದವರು ಆಳುಗಳು. ಇದನ್ನು ಆತನೂ ಬಲ್ಲ. ಸೇಸ್ ಕೋರ್ಟಿನ ತೋಟಗಾರನಿಗಾಗಿಯೇ ಆತ ಸೂಚನೆಗಳ ಒಂದು ಕೈಬರಹದ ಪುಸ್ತಕವನ್ನು ಸಿದ್ಧಮಾಡಿಕೊಟ್ಟಿದ್ದ. ೧೯೩೨ರಲ್ಲಿ ಅದು ಅಚ್ಚಾಯಿತು. ಕೈಯಿಂದ ಕೈಗೆ ಬರುವ ಕೆಲಸವನ್ನು ಅಕ್ಷರಕ್ಕೆ ಇಳಿಸಬಹುದು, ಇಳಿಸಿದರೆ ಅದಕ್ಕೆ ಕುಂದಿಲ್ಲ ಎಂದು ತೋರಿಸಿದ ಪುಸ್ತಕ ಅದು. ಮನೆಯಲ್ಲಿ ಮೊದಲ ಸಲ ಕಾಲೇಜಿನ ಮೆಟ್ಟಿಲು ಹತ್ತಿದ ನನ್ನಂಥವರಿಗೆ ಈ ಸಂಗತಿ ವಿಶೇಷವಾಗಿ ನಾಟುತ್ತದೆ. ನಮ್ಮ ತಂದೆತಾಯಿಗಳಿಗೆ ಬೆಳೆಯ, ಮಣ್ಣಿನ, ದನಕರುಗಳ ವಿಷಯದಲ್ಲಿ ಗೊತ್ತಿರುವುದರಲ್ಲಿ ಕಾಲುಪಾಲೂ ಪುಸ್ತಕಗಳಲ್ಲಿಲ್ಲ. ಬರೆಯಬಲ್ಲವರಾದ ನಾವು ಅದನ್ನು ಬರೆಯದಿದ್ದರೆ ಬೇರಾರು ಬರೆದಾರು?

೧೬೯೪ರಲ್ಲಿ ಈವ್ಲಿನ್ ವಾಟನ್ನಿನ ಹಿರಿಯರ ಮನೆಗೆ ಹೋಗಿ ನೆಲಸಿದ. ಸೇಸ್ ಕೋರ್ಟನ್ನು ಬಾಡಿಗೆಗೆ ಕೊಟ್ಟಿದ್ದಾಯಿತ್ತು. ೧೬೯೮ರಲ್ಲಿ ಹಡಗು ಕಟ್ಟುವುದನ್ನು ಕಲಿಯಲು ಡೆಟ್‌ಫರ್ಡಿಗೆ ಬಂದ ರಷ್ಯದ ಚಕ್ರವರ್ತಿ ಪೀಟರ್ ಆ ಮನೆಯಲ್ಲಿ ಇಳಿದುಕೊಂಡ. ಮೂರು ತಿಂಗಳಲ್ಲಿ ಮನೆಯೂ ತೋಟವೂ ಹಾಳಾದುವು. ಸುಮಾರು ೪೦೦ ಅಡಿ ಉದ್ದ, ೯ ಅಡಿ ಎತ್ತರ, ೫ ಅಡಿ ದಪ್ಪವಾಗಿ ಬೆಳೆದಿದ್ದ ಹಾಲಿಯ ಬೇಲಿ ಈವ್ಲಿನ್ನನ ಹೆಮ್ಮೆ. ಚಕ್ರವರ್ತಿಯನ್ನು ಕೈಗಾಡಿಯಲ್ಲಿ ಕೂರಿಸಿ ಆ ಬೇಲಿಯ ಮೂಲಕವೇ ನುಗ್ಗಿಸುವ ಆಟ ಆಡುತ್ತಿದ್ದರೆಂದು ಕಥೆ. ನಷ್ಟವನ್ನು ಅಂದಾಜು ಮಾಡಲು ಪ್ರಸಿದ್ಧ ಶಿಲ್ಪಿ ಕ್ರಿಸ್ಟೊಫರ್ ರೆನ್ನನನ್ನೂ ದೊರೆಯ ತೋಟಗಾರ ಜಾರ್ಜ್ ಲಂಡನ್ನನನ್ನೂ ಕಳುಹಿಸಬೇಕಾಯಿತು. ಯಾವ ಹೊದಿಕೆಯೂ ಇಲ್ಲದೆ ೧೬೮೪ರ ಚಳಿಯನ್ನು ದಾಟಿದ ಬೇಲಿ ಅದು. ಚಳಿಗೆ ಅಂಜದ ಗಿಡವೂ ಮನುಷ್ಯನಿಗೆ ಅಂಜಬೇಕಾಯಿತು.

೧೭೦೩ರ ನವೆಂಬರಿನ ಮಹಾ ಬಿರುಗಾಳಿ ವಾಟನ್ನಿನ ಓಕ್ ಮರಗಳನ್ನು ಸಾಲುಸಾಲಾಗಿ ಉರುಳಿಸಿತು. ಹುಟ್ಟಿದ ಎಂಟು ಮಕ್ಕಳಲ್ಲಿ ತಂದೆಯ ಕೊನೆಗಾಲಕ್ಕೆ ಉಳಿದಿದ್ದವಳು ಸುಸಾನಾ ಎಂಬ ಒಬ್ಬ ಮಗಳು. ಆದರೂ ಮುದುಕ ಕೈಕಟ್ಟಿ ಕೂರಲಿಲ್ಲ. ತನ್ನ ಪುಸ್ತಕಗಳನ್ನು ಹೊಸ ಮುದ್ರಣಕ್ಕೆ ತಿದ್ದುತ್ತಲೇ ಇದ್ದ. ೧೭೦೬ರ ಫೆಬ್ರವರಿ ೨೭ರಂದು, ಇನ್ನೊಂದು ಚಳಿಗಾಲದ ಕೊನೆಯಲ್ಲಿ, ಆತ ಲಂಡನ್ನಿನಲ್ಲಿ ತೀರಿಕೊಂಡ. ಆ ವರ್ಷ ಪಂಚಾಂಗದ ಹತ್ತನೆಯ ಮುದ್ರಣ ಹೊರಬಂದಿತ್ತು. ಆತನಿಗೆ ಕೀರ್ತಿ ತಂದ ದಿನಚರಿ ಅಚ್ಚಾದದ್ದು ೧೮೧೮ರಲ್ಲಿ. ಬದುಕಿರುವಾಗ ಜನ ಆತನನ್ನು ಬಲ್ಲದ್ದು ಮರಗಿಡಗಳ ಪುಸ್ತಕಗಳಿಂದಲೇ.

ಸೇಸ್ ಕೋರ್ಟಿನ ಮನೆ ಇಂದು ಇಲ್ಲ. ಕಿತ್ತಳೆಯ ತೊಟ್ಟಿಗಳೂ ಇಲ್ಲ. ಕಾಪಾಡಿದ್ದರಲ್ಲಿ ಹೆಚ್ಚಿನದು ಅವನ ಕಣ್ಣೆದುರಿಗೇ ಹೋಯಿತು. ಹಾಗಾದರೆ ಇಷ್ಟು ಪಾಡುಪಟ್ಟು ಉಳಿದದ್ದೇನು ಎಂದು ಯಾರಾದರೂ ಕೇಳಬಹುದು. ಕಾಪಾಡುವ ಕ್ರಮ ಉಳಿಯಿತು. ಇಂದಿಗೂ ಚಳಿದೇಶಗಳಲ್ಲಿ ಕುಂಡದ ಗಿಡವಿಟ್ಟುಕೊಂಡವರು ಹೆಪ್ಪು ಬೀಳುವುದಕ್ಕೆ ಮುಂಚೆ ಅದನ್ನು ಒಳಕ್ಕೆ ತರುತ್ತಾರೆ, ನೀರನ್ನು ಕಡಮೆ ಮಾಡುತ್ತಾರೆ, ಹವೆ ಹಿತವಾದ ದಿನ ಕಿಟಕಿ ತೆರೆಯುತ್ತಾರೆ, ವಸಂತದಲ್ಲಿ ಅವಸರಪಡದೆ ಹೊರಗಿಡುತ್ತಾರೆ. ಬೆಚ್ಚಗಿಡುವುದೂ ಗಾಳಿಯಾಡಲು ಬಿಡುವುದೂ ಒಂದೇ ಕೈ ಮಾಡಬೇಕಾದ ಕೆಲಸವೆಂದು ಈವ್ಲಿನ್ ಕಂಡುಕೊಂಡ. ಗಿಡ ಸಾಕುವವರಿಗೆ ಹೇಗೋ, ಮಕ್ಕಳನ್ನು ಸಾಕುವವರಿಗೂ ವಿದ್ಯಾರ್ಥಿಗಳನ್ನು ತಿದ್ದುವವರಿಗೂ ಅದು ಹಾಗೆಯೇ ಸಲ್ಲುತ್ತದೆ.